ಸೋಮವಾರದ ರಜೆ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಲೋಕಸಭೆ, ರಾಜ್ಯಸಭೆ, ರಾಷ್ಟ್ರಪತಿಗಳ ಅಧಿಕಾರ, ಸಿಂಧೂ ನಾಗರಿಕತೆ ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದೆನೋ ಲೆಕ್ಕವಿಲ್ಲ. ಆದರೆ ಈ ಪಾಠಗಳೆಲ್ಲ ಕಣ್ಣಿಗೆ ಕಾಣುವಂತೆ ನಿಂತಿರುವ ದೆಹಲಿಗೆ ನಾನು ಹೋದದ್ದು ಒಂದೇ ಒಂದು ಸಲ. ಅದೂ ಒಂದು ಸೋಮವಾರ. ಆ ಸೋಮವಾರದ ಸಂಗತಿಯನ್ನು ಇಷ್ಟು ವರ್ಷ ಯಾರೊಡನೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಮತ್ತೊಮ್ಮೆ ಅಲ್ಲಿಗೆ ಹೊರಡುವ ಸಿದ್ಧತೆಯಲ್ಲಿರುವುದರಿಂದ ಹೇಳಿಬಿಡುವುದೇ ಮೇಲು ಎನಿಸಿದೆ.

ಅದು 1988ರ ಡಿಸೆಂಬರ್. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರದ ಹುಮ್ಮಸ್ಸಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಉತ್ತರ ಭಾರತ ಪ್ರವಾಸ ಏರ್ಪಡಿಸಿದ್ದೆ. ಶನಿವಾರ ಬೆಳಗಿನ ತರಗತಿ ಮುಗಿಸಿ ಬೆಂಗಳೂರಿಗೆ ಹೋಗಿ ಸಂಜೆ ರೈಲು ಹತ್ತಿದರೆ ಶಾಲೆಯ ಒಂದು ದಿನ ಉಳಿಯುತ್ತದೆ ಎಂಬುದು ನನ್ನ ಜಾಣ ಲೆಕ್ಕ. ಆ ಲೆಕ್ಕದಂತೆ ಸೋಮವಾರ ದೆಹಲಿ ಮುಟ್ಟಿದೆವು. ಸಂಸತ್ತನ್ನೂ ರಾಷ್ಟ್ರಪತಿ ಭವನವನ್ನೂ ರಸ್ತೆಯ ಮೇಲಿನಿಂದಲೇ ತೋರಿಸಿ, ಮಕ್ಕಳನ್ನು ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂದೆ ಸಾಲಾಗಿ ನಿಲ್ಲಿಸಿದೆ. ಬಾಗಿಲು ಮುಚ್ಚಿತ್ತು. ಸೋಮವಾರ ರಜೆ! ಕಾವಲುಗಾರ ಹಿಂದಿಯಲ್ಲಿ ಹೇಳಿದ್ದನ್ನು ಮಕ್ಕಳಿಗೆ ಅನುವಾದಿಸಿ ಹೇಳಬೇಕಾಗಿ ಬಂದ ಆ ಗಳಿಗೆ ನನಗಿನ್ನೂ ಮರೆತಿಲ್ಲ. ಮರುದಿನ ನಸುಕಿನಲ್ಲೇ ಆಗ್ರಾಕ್ಕೆ ಬಸ್ಸು ಗೊತ್ತಾಗಿತ್ತು. ಮಕ್ಕಳು ಐಸ್‌ಕ್ರೀಮ್ ಸಿಕ್ಕೊಡನೆ ಎಲ್ಲವನ್ನೂ ಮರೆತರು. ಒಬ್ಬ ಹುಡುಗ ಮಾತ್ರ ಕಂಬಿಗಳ ನಡುವೆ ಮುಖವಿಟ್ಟು ಒಳಗೆ ನೋಡುತ್ತಲೇ ನಿಂತಿದ್ದ. ಮೊಹೆಂಜೊದಾರೊದ ನರ್ತಕಿಯ ಚಿತ್ರವನ್ನು ನಾನು ಹಲಗೆಯ ಮೇಲೆ ಬರೆದಾಗ ಅದನ್ನು ನನಗಿಂತ ಚೆನ್ನಾಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಹುಡುಗ ಅವನು. ಪ್ರವಾಸದ ಹಣ ಹೊಂದಿಸಲು ಅವನ ತಾಯಿ ಮನೆಯ ಎರಡು ಮೇಕೆಗಳಲ್ಲಿ ಒಂದನ್ನು ಮಾರಿದ್ದಳೆಂದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ.

ಕಳೆದ ವರ್ಷ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಕೂದಲು ನರೆತಿದೆ, ಊರಿನಲ್ಲಿ ತೋಟ ಮಾಡಿಕೊಂಡಿದ್ದಾನೆ. ಊಟದ ಸಾಲಿನಲ್ಲಿ ಪಕ್ಕದಲ್ಲೇ ಕುಳಿತು ಹಳೆಯದನ್ನೆಲ್ಲ ನೆನೆದು ನಗುತ್ತಾ, “ತಾಜಮಹಲು ನೋಡಿದ್ವಿ ಸಾರ್, ಆ ಗೊಂಬೆ ಮಾತ್ರ ನೋಡ್ಲೇ ಇಲ್ಲ” ಎಂದ. ಮಾತಿನಲ್ಲಿ ಎಳ್ಳಷ್ಟೂ ದೂರು ಇರಲಿಲ್ಲ. ದೂರಿದ್ದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಕೈ ತೊಳೆಯುವಾಗ ನಾನೇ ಹೇಳಿದೆ: “ಹೋಗೋಣ ಕಣೋ. ಈ ಸಲ ವಾರ ನೋಡ್ಕೊಂಡು ಹೋಗೋಣ.”

ಹೀಗೆ ನನ್ನ ಮೇಜಿನ ಮೇಲೆ ಮತ್ತೆ ಪ್ರವಾಸದ ಹಾಳೆ ಬಂದಿತು. ಅವನು, ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವನ ಮಗಳು, ನಾನು, ನನ್ನ ಮನೆಯವರು: ಒಟ್ಟು ನಾಲ್ವರು. ಮನೆಯವರಿಗೆ ಮಂಡಿನೋವು. “ನಿಮ್ಮ ಟೈಂಟೇಬಲ್ಲಿನಲ್ಲಿ ನನ್ನ ಮಂಡಿಗೂ ಒಂದು ಪೀರಿಯಡ್ ಇಡಿ” ಎಂದು ಮೊದಲೇ ಎಚ್ಚರಿಸಿದ್ದಾರೆ. ಆದ್ದರಿಂದ ದಿನಕ್ಕೆ ಒಂದು ದೊಡ್ಡ ಸ್ಥಳ, ಹೆಚ್ಚೆಂದರೆ ಜೊತೆಗೊಂದು ಚಿಕ್ಕದು ಎಂಬುದನ್ನು ನಿಯಮ ಮಾಡಿಕೊಂಡೆ. ದಿನಕ್ಕೆ ಆರು ಸ್ಥಳ ಬರೆದಿದ್ದ 1988ರ ಹಾಳೆಯನ್ನು ನೆನೆದರೆ ಈಗ ನಗು ಬರುತ್ತದೆ.

ಮೊದಲು ಗೊತ್ತುಮಾಡಿದ್ದು ತಿಂಗಳು. ಜನವರಿಯ ಕೊನೆಯ ವಾರ ಗಣರಾಜ್ಯೋತ್ಸವದ ಮೆರವಣಿಗೆ, ಅದರ ತಾಲೀಮುಗಳಿಂದಾಗಿ ರಸ್ತೆಗಳೇ ಮುಚ್ಚಿರುತ್ತವೆ. ಬೇಸಿಗೆಯ ಮಾತೇ ಬೇಡ. ಫೆಬ್ರವರಿಯ ಮೊದಲ ಪಕ್ಷದಲ್ಲಾದರೆ ಚಳಿ ಇಳಿದಿರುತ್ತದೆ, ಸಂಸತ್ತಿನ ಬಜೆಟ್ ಅಧಿವೇಶನ ನಡೆದಿರುತ್ತದೆ, ರಾಷ್ಟ್ರಪತಿ ಭವನದ ಉದ್ಯಾನವನ್ನೂ ಸಾಮಾನ್ಯವಾಗಿ ಆ ಸುಮಾರಿಗೆ ಜನರಿಗೆ ತೆರೆಯುತ್ತಾರೆ. 2023ರಿಂದ ಅದಕ್ಕೆ ಅಮೃತ ಉದ್ಯಾನವೆಂಬ ಹೆಸರು.

ಆಮೇಲೆ ವಾರ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ದೆಹಲಿಗೆ ಎರಡು ರಾತ್ರಿ, ನಡುವೆ ಒಂದು ಹಗಲಿನ ಪ್ರಯಾಣ. ಶನಿವಾರ ಸಂಜೆ ಹೊರಟರೆ ಇಳಿಯುವುದು ಅದೇ ಹಾಳು ಸೋಮವಾರ. ಆದ್ದರಿಂದ ಭಾನುವಾರ ಸಂಜೆ ಹೊರಡುವುದೆಂದು ತೀರ್ಮಾನಿಸಿದೆ. ಒಂದೇ ದಿನದ ವ್ಯತ್ಯಾಸ! ಅಂದು ಯಾರಾದರೂ ತಿಳಿದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮುಂಗಡ ಟಿಕೆಟ್ಟಿನ ಅವಧಿ ಮೊದಲು 120 ದಿನವಿದ್ದದ್ದು 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿರುವುದರಿಂದ, ಕಾಯ್ದಿರಿಸಬೇಕಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದ್ದೇನೆ. ಅಂದಹಾಗೆ ಸೋಮವಾರವೇ ದೆಹಲಿಯಲ್ಲಿ ಸಿಕ್ಕಿಬಿದ್ದ ಓದುಗರು ಕಂಗೆಡಬೇಕಾಗಿಲ್ಲ. ವಸ್ತುಸಂಗ್ರಹಾಲಯಗಳಿಗೂ ಕೆಂಪುಕೋಟೆಗೂ ಅಂದು ರಜೆಯಾದರೂ ಕುತುಬ್ ಮಿನಾರ್, ಹುಮಾಯೂನನ ಸಮಾಧಿಗಳು ತೆರೆದಿರುತ್ತವೆ. ಇಷ್ಟು ಗೊತ್ತಿದ್ದಿದ್ದರೆ ಅಂದು ಮಕ್ಕಳನ್ನು ಅಲ್ಲಿಗಾದರೂ ಕರೆದೊಯ್ಯುತ್ತಿದ್ದೆ.

ಮಂಗಳವಾರ ಇಳಿದು ವಿಶ್ರಾಂತಿ, ಸಂಜೆ ಇಂಡಿಯಾ ಗೇಟ್. ಬುಧವಾರ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತೆರೆಯುವ ಹೊತ್ತಿಗೇ, ರಾಷ್ಟ್ರೀಯ ವಸ್ತುಸಂಗ್ರಹಾಲಯ. ಎಲ್ಲವನ್ನೂ ನೋಡುವ ಆಸೆ ಇಲ್ಲ. ಮೊದಲು ಹರಪ್ಪಾ ವಿಭಾಗ, ಕಾಲು ಒಪ್ಪಿದರೆ ಶಿಲ್ಪಗಳು, ಆಮೇಲೆ ಊಟ. ಈ ಸಂಗ್ರಹದ ಚರಿತ್ರೆಯೇ ಒಂದು ಪಾಠ. 1947–48ರ ಚಳಿಗಾಲದಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಹೋಗಿದ್ದ ನಮ್ಮ ಪ್ರಾಚೀನ ಕಲಾವಸ್ತುಗಳು ಹಿಂದಿರುಗಿದಾಗ ಅವನ್ನು ಇಂದಿನ ರಾಷ್ಟ್ರಪತಿ ಭವನದಲ್ಲಿ ಪ್ರದರ್ಶನಕ್ಕಿಟ್ಟರು. ಅಲ್ಲಿಯೇ 1949ರ ಆಗಸ್ಟ್ 15ರಂದು ರಾಜಾಜಿಯವರು ಈ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಜನಪಥದ ಕಟ್ಟಡಕ್ಕೆ ಅದು ಬಂದದ್ದು 1960ರಲ್ಲಿ. ಹೀಗಾಗಿ ಶುಕ್ರವಾರಕ್ಕಿಟ್ಟಿರುವ ರಾಷ್ಟ್ರಪತಿ ಭವನ ಆ ಸಂಗ್ರಹದ ತವರುಮನೆಯೇ ಸರಿ. ಲಟ್ಯನ್ಸ್ ಕಟ್ಟಿದ, 340 ಕೊಠಡಿಗಳ ಆ ಭವನವನ್ನು ನೋಡಲು ಅಂತರ್ಜಾಲದಲ್ಲಿ ಮೊದಲೇ ಹೆಸರು ನೋಂದಾಯಿಸಿ, ಗುರುತಿನ ಚೀಟಿ ಕೊಂಡೊಯ್ಯಬೇಕು.

ನಡುವಿನ ಗುರುವಾರ ಸಂಸತ್ತಿಗೆ. ನಾನು ಪಾಠ ಮಾಡಿದ ಸಂಸತ್ತು 1927ರಲ್ಲಿ ಆರಂಭವಾದ ದುಂಡು ಕಟ್ಟಡ. ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಂದು ಮೊದಲು ಸೇರಿದ್ದು ಅದರ ಸೆಂಟ್ರಲ್ ಹಾಲಿನಲ್ಲಿ. 2023ರ ಸೆಪ್ಟೆಂಬರಿನಲ್ಲಿ ಕಲಾಪ ಪಕ್ಕದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು, ಹಳೆಯದು ಸಂವಿಧಾನ ಸದನವಾಯಿತು. ಪ್ರೇಕ್ಷಕರ ಗ್ಯಾಲರಿಗೆ ಸಂಸತ್ ಸದಸ್ಯರ ಶಿಫಾರಸಿನ ಮೇಲೆ ಪಾಸು ಕೊಡುತ್ತಾರೆ. ಲೋಕಸಭೆಯ ಪ್ರಶ್ನೋತ್ತರ ಬೆಳಿಗ್ಗೆ ಹನ್ನೊಂದಕ್ಕೆ ಆರಂಭವಾಗುವುದರಿಂದ ಆ ಹೊತ್ತಿಗೇ ಕೇಳಿ ನಮ್ಮ ಸಂಸದರ ಕಚೇರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಗುರುವಾರಕ್ಕೆ ಬೇರೆ ಸ್ಥಳ ಬರೆದಿಟ್ಟಿದ್ದೇನೆ: ನೆಹರೂ ಅವರು ವಾಸವಾಗಿದ್ದ ತೀನ್ ಮೂರ್ತಿ ಆವರಣದಲ್ಲಿ 2022ರಲ್ಲಿ ತೆರೆದ ಪ್ರಧಾನಮಂತ್ರಿ ಸಂಗ್ರಹಾಲಯ. ಶನಿವಾರ, ಗಾಂಧೀಜಿ ತಮ್ಮ ಕೊನೆಯ 144 ದಿನಗಳನ್ನು ಕಳೆದ ಗಾಂಧಿ ಸ್ಮೃತಿ. ಆ ದಿನಕ್ಕೆ ಬೇರೇನನ್ನೂ ಸೇರಿಸಿಲ್ಲ.

ಈ ಹಾಳೆ ಸಿದ್ಧಪಡಿಸುವಾಗ ನನ್ನ ಇನ್ನೊಂದು ತಪ್ಪೂ ಹೊರಬಿತ್ತು. ಹಲಗೆಯ ಮೇಲೆ ನಾನು ಬರೆಯುತ್ತಿದ್ದ ನರ್ತಕಿ ಮೂರಡಿ ಎತ್ತರವಿರುತ್ತಿದ್ದಳು, ಹಿಂದಿನ ಬೆಂಚಿನವರಿಗೂ ಕಾಣಲೆಂದು. ನಿಜವಾದ ಕಂಚಿನ ಮೂರ್ತಿ ಕೇವಲ 10.5 ಸೆಂಟಿಮೀಟರ್! ಎಡಗೈ ತುಂಬ ಬಳೆ, ಬಲಗೈ ಸೊಂಟದ ಮೇಲೆ, ತಲೆ ಎತ್ತಿ ನಿಂತ ಆ ಹುಡುಗಿ ನಮ್ಮ ಮನೆಯ ನೀರಿನ ಲೋಟದಷ್ಟಿದ್ದಾಳೆ. ಸಾವಿರಾರು ಮಕ್ಕಳಿಗೆ ಅವಳ ಕಾಲ ಹೇಳಿದೆ, ಲೋಹ ಹೇಳಿದೆ. ಅಳತೆ ಹೇಳಿದ ನೆನಪಿಲ್ಲ. ಕಂಡಿದ್ದರೆ ತಾನೆ ಹೇಳುವುದು?

ಅವನಿಗೆ ದೂರವಾಣಿ ಮಾಡಿದೆ. “ನೋಡೋ, ಅಷ್ಟು ದೂರ ಹೋಗಿ ನಿರಾಶೆ ಪಡಬೇಡ. ಅದು ಅಂಗೈ ಅಗಲ ಇದೆ ಅಷ್ಟೆ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಆಳೆತ್ತರ ಇರುತ್ತೆ ಅಂತಿದ್ದೆ ಸಾರ್” ಎಂದ. ಆಮೇಲೆ, “ಇರ್ಲಿ ಬಿಡಿ. ಚಿಕ್ಕದಾದ್ರೆ ಹತ್ತಿರ ನಿಂತು ನೋಡಿದ್ರಾಯ್ತು” ಎಂದು ನಕ್ಕ.

ಬುಧವಾರದ ಅಂಕಣದಲ್ಲಿ ಶಿಲ್ಪಗಳ ವಿಭಾಗ, ಕಾಲು ಒಪ್ಪಿದರೆ, ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಿದೆ. ಆ ಬೆಳಗೆಲ್ಲ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ಕಳೆದುಹೋದರೂ ನಾನು ಗಡಿಯಾರ ನೋಡುವವನಲ್ಲ.