ಕುದುರೆ ಹತ್ತೋ ಮೊದಲು ಕಾಲಿಗೆ ಬಲ



2018ರ ಮಾರ್ಚಿನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ದಲಿತ ಯುವಕನೊಬ್ಬನ ಕೊಲೆಯಾಯ್ತು. ಕುದುರೆ ಸಾಕಿ ಸವಾರಿ ಮಾಡಿದ್ದೇ ಕಾರಣ ಅಂದರು ಮನೆಯವರು. ಮದುವೆ ಮೆರವಣಿಗೆಯಲ್ಲಿ ನಮ್ಮವರು ಕುದುರೆ ಹತ್ತೋದನ್ನ ತಡೆಯೋದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿಯಲ್ಲಿ ಅದನ್ನ ಬಿಡಿಸಿ ಬರೆದಿದ್ದಾರೆ. ಹತ್ತುವ ಹಕ್ಕು ಕಾನೂನಲ್ಲಿದೆ, ಬೀಳದೆ ಕೂರೋಕೆ ಮಾತ್ರ ನಮ್ಮ ಕಾಲೇ ಗತಿ.

ದಿನವಿಡೀ ಕುರ್ಚಿಯಲ್ಲಿ ಕೂರುವ ಗುಮಾಸ್ತ ನಾನು, ನಲವತ್ತು ದಾಟಿದ ಮೇಲೆ ಸವಾರಿ ಕಲೀತಿದ್ದೀನಿ. ಭಯಕ್ಕೆ ಮಂಡಿ ಬಿಗಿ ಹಿಡಿದಷ್ಟೂ ಮೈ ಜೀನಿನಿಂದ ಮೇಲೇಳುತ್ತೆ. ಕಾಲು ಉದ್ದಕ್ಕೆ ಇಳಿಬಿಟ್ಟು, ಹಿಮ್ಮಡಿ ತಗ್ಗಿಸಿ, ಭಾರ ರಿಕಾಪಿನ ಕಡೆ ಬಿಟ್ಟರೆ ನೆಲೆ ಸಿಗುತ್ತೆ. ಹಾಗೆ ಹೊತ್ತುಗಟ್ಟಲೆ ಇರೋಕೆ ತೊಡೆ, ಮೀನಖಂಡ ಗಟ್ಟಿ ಇರಬೇಕು.

ಮನೆಯಲ್ಲೇ ಮಾಡಬಹುದು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ 30 ಸೆಕೆಂಡು, 3 ಸಲ. ಮೆಟ್ಟಿಲಂಚಲ್ಲಿ ಮುಂಗಾಲಿಟ್ಟು, ಗೋಡೆ ಹಿಡ್ಕೊಂಡು ಹಿಮ್ಮಡಿ ಇಳಿಸಿ ಏರಿಸೋದು 15 ಸಲ. ಆಮೇಲೆ ಒಂದೊಂದೇ ಕಾಲಲ್ಲಿ ನಿಲ್ಲೋದು. ಮಂಡಿ ನೋವು ಇದ್ದರೆ ಡಾಕ್ಟರನ್ನ ಕೇಳಿ.

ಬ್ಯಾಂಡಿಗೆ, ಪಟಾಕಿಗೆ ಕುದುರೆ ಬೆಚ್ಚುತ್ತೆ. ಮದುವೆ ಗೊತ್ತಾದ ತಮ್ಮಂದಿರೇ, ಎರಡು ತಿಂಗಳ ಮುಂಚೆಯೇ ಶುರು ಮಾಡಿ. ಸವಾರಿ ಬಲ್ಲವರ ಎದುರೇ ಹತ್ತಿ ಅಭ್ಯಾಸ ಮಾಡಿ. ತಂಗಿಯರೇ, ನೀವೂ ಬನ್ನಿ.

ಜೈ ಭೀಮ್.