ಉತ್ತರದ ಕೋಣೆಗೆ ಬಿಸಿನೀರು

ಮನೆಯನ್ನು ಬೆಚ್ಚಗಿರಿಸುವ ಉಪಾಯಗಳಲ್ಲಿ ನೀರಿಗೆ ಸಮನಾದದ್ದು ಬೇರೊಂದಿಲ್ಲವೆಂದು, ನ್ಯೂ ಹ್ಯಾಂಪ್‌ಶೈರಿನ ಹಿಮಗಾಲಗಳನ್ನು ಕಳೆದ ಮೇಲೆ ನನಗೆ ದೃಢವಾಗಿದೆ. ಬಿಸಿಗಾಳಿ ಬೇಗನೆ ಬಂದು ಬೇಗನೆ ಹೊರಟುಹೋಗುತ್ತದೆ. ನೀರಾದರೋ, ನೆಲಮಾಳಿಗೆಯ ಬಾಯ್ಲರಿನಲ್ಲಿ ಸುಮಾರು 82 ಡಿಗ್ರಿ ಸೆಲ್ಸಿಯಸ್‌ನವರೆಗೆ ಕಾದು, ತಾಮ್ರದ ಕೊಳವೆಯಲ್ಲಿ ಮೇಲೇರಿ, ಗೋಡೆಯ ಬುಡದುದ್ದಕ್ಕೂ ಹಾಯ್ದು, ಹೊತ್ತು ತಂದ ಉಷ್ಣವನ್ನು ಅಲ್ಯೂಮಿನಿಯಮ್ಮಿನ ತೆಳುರೆಕ್ಕೆಗಳ ಮೂಲಕ ಕೋಣೆಗೆ ಒಪ್ಪಿಸಿ, ಪುನಃ ಕಾಯಲೆಂದು ಹಿಂದಿರುಗುತ್ತದೆ. 1777ರಲ್ಲಿಯೇ ಫ್ರಾನ್ಸಿನ ಬೊನ್‌ಮೇನ್ ಎಂಬಾತ ಕೋಳಿಮೊಟ್ಟೆಗಳಿಗೆ ಕಾವು ಕೊಡಲು ಇಂತಹುದೇ ಬಿಸಿನೀರಿನ ಸುತ್ತನ್ನು ಕಟ್ಟಿದನಂತೆ. ಮರಿಗಳಿಗೆ ಹಿತವಾದದ್ದು ಮನುಷ್ಯರಿಗೂ ಹಿತವಾಯಿತು.

ಉತ್ತರದ ಜಗಲಿಗೆ ಗೋಡೆ ಕಿಟಕಿಗಳನ್ನಿರಿಸಿ ಓದುವ ಕೋಣೆ ಮಾಡಿಕೊಂಡಿದ್ದೆವಾದರೂ, ಮನೆಯ ಹಳೆಯ ಎರಡು ವಲಯಗಳ ಬಿಸಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇದ್ದ ಸುತ್ತನ್ನೇ ಉದ್ದಮಾಡಿದರೆ ಕೊನೆಯ ಕೋಣೆಗೆ ದೊರೆಯುವುದು ಕಾವು ಕಳೆದುಕೊಂಡ ನೀರು. ಅಲ್ಲದೆ ಒಬ್ಬನು ಓದಲು ಕುಳಿತಾಗಲೆಲ್ಲ ಮಲಗುವ ಕೋಣೆಗಳೂ ಕಾಯಬೇಕಾಗುವುದು. ಆದುದರಿಂದ, ಅಡಕೆ ತೋಟದ ಕಾಲುವೆಗೆ ಕವಲು ತೆಗೆದು ಒಣಗಿದ ಮೂಲೆಗೆ ನೀರು ಹಾಯಿಸುವಂತೆ, ಬಾಯ್ಲರಿನ ಬಳಿಯಿಂದಲೇ ಮುಕ್ಕಾಲಂಗುಲದ ಹೊಸ ಕವಲೊಂದನ್ನು ತೆಗೆದೆ. ಕೋಣೆ ತಣಿದೊಡನೆ ಅದರ ಥರ್ಮೋಸ್ಟಾಟು ಕರೆ ಕಳುಹಿಸುತ್ತದೆ. ಹೊಸ ಕವಲಿಗೆ ಅಳವಡಿಸಿದ ಕವಾಟದ ಪುಟ್ಟ ಮೋಟಾರು ಮೆಲ್ಲನೆ ತಿರುಗುತ್ತದೆ. ದಾರಿ ತೆರೆದ ಮೇಲೆಯೇ ಒಳಗಿನ ಸ್ವಿಚ್ಚು ಪಂಪಿಗೂ ಬಾಯ್ಲರಿಗೂ ಅನುಜ್ಞೆ ನೀಡುತ್ತದೆ. ಈ ಕ್ರಮದಲ್ಲಿರುವ ವಿವೇಕ ನನಗೆ ಬಹಳ ಪ್ರಿಯ.

ರೆಕ್ಕೆಗಳ ಕೊಳವೆ ಅಡಿಯೊಂದಕ್ಕೆ ಸುಮಾರು 170 ವ್ಯಾಟ್ ಉಷ್ಣ ಬಿಡುತ್ತದೆಂಬ ಆಧಾರದ ಮೇಲೆ, ಕಿಟಕಿಗಳಿಂದಲೂ ಗೋಡೆಗಳಿಂದಲೂ ಹೊರಗೆ ಹೋಗುವುದನ್ನು ಗಣಿಸಿ, ಎಷ್ಟು ಅಡಿ ಬೇಕೆಂದೂ ಬಾಯ್ಲರಿಗೆ ಈ ಹೆಚ್ಚಿನ ಭಾರ ಹೊರುವ ಶಕ್ತಿಯಿದೆಯೆಂದೂ ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಆದರೆ ನಿಜವಾದ ಆನಂದವಿರುವುದು ಬೆಸುಗೆಯಲ್ಲಿ. ಕೊಳವೆಯ ತುದಿಯನ್ನು ಎಮೆರಿ ಕಾಗದದಿಂದ ತಿಕ್ಕಿ, ಕಂದಿದ ತಾಮ್ರ ಹೊಂಬಣ್ಣಕ್ಕೆ ಬಂದಾಗ ಫ್ಲಕ್ಸ್ ಸವರಿ, ಸಂದಿಗೆ ಸೇರಿಸಿ, ಜ್ವಾಲೆಯನ್ನು ಬೆಸುಗೆಯ ತಂತಿಗೆ ತೋರಿಸದೆ ಜೋಡಣೆಯ ಹೊರಮೈಗೆ ಹಿಡಿಯಬೇಕು. ತಾಮ್ರ ಹದವಾಗಿ ಕಾದ ಕ್ಷಣದಲ್ಲಿ ತಂತಿಯನ್ನು ಮುಟ್ಟಿಸಿದರೆ ಸಾಕು. ಘನವಾಗಿದ್ದುದು ಒಮ್ಮೆಗೇ ದ್ರವಿಸಿ, ಕೂದಲೆಳೆಯಷ್ಟು ಕಿರಿದಾದ ಸಂದಿನೊಳಕ್ಕೆ ತಾನಾಗಿ ಎಳೆಯಲ್ಪಟ್ಟು, ಕೆಳಗಿನಿಂದ ಹಿಡಿದರೂ ಮೇಲಕ್ಕೇ ಏರಿ, ಅಂಚಿನ ಸುತ್ತಲೂ ಬೆಳ್ಳಿಯ ಗೆರೆಯಾಗಿ ಮೂಡುತ್ತದೆ. ಎಷ್ಟು ಸಲ ಕಂಡರೂ ನನಗೆ ತೃಪ್ತಿಯಾಗದ ದೃಶ್ಯವಿದು.

ಕಡೆಗೆ ಗಾಳಿಯನ್ನು ಹೊರದೂಡುವ ಕೆಲಸ. ಮರಳುವ ಕೊಳವೆಯ ನಲ್ಲಿಗೆ ರಬ್ಬರು ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೀರು ಬಿಟ್ಟರೆ, ಮೊದಲು ಗುಳುಗುಳು ಶಬ್ದದೊಡನೆ ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣವು, ಬಳಿಕ ಅಖಂಡವಾದ ಧಾರೆ. ನಲ್ಲಿ ಮುಚ್ಚಿ, ಒತ್ತಡಮಾಪಕದ ಮುಳ್ಳು 12 ಪಿಎಸ್‌ಐಯಲ್ಲಿ ನಿಂತಿತೆಂದು ನೋಡಿಕೊಂಡು ಬಾಯ್ಲರನ್ನು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಹೋಗುವ ಕೊಳವೆಯನ್ನು ಮುಟ್ಟಲಾಗದಷ್ಟು ಬಿಸಿ. ಮರಳುವುದರ ಮೇಲೆ ಕೈಯನ್ನು ಅರೆಕ್ಷಣ ಇರಿಸಬಹುದಿತ್ತು. ಆ ವ್ಯತ್ಯಾಸದಷ್ಟು ಉಷ್ಣ ಮೇಲಿನ ಕೋಣೆಗೆ ಸಂದಿತ್ತು.