ಬಿಟ್ಟುಬರಲಾಗದ ಅಂಗಡಿ

ಸಂತೆಯಲ್ಲಿ ಒಬ್ಬ ವ್ಯಾಪಾರಿಯ ತಕ್ಕಡಿಯ ಮೇಲೆ ಸಂದೇಹ ಬಂದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ಅದರಿಂದ ನಮಗಾಗುವ ನಷ್ಟವೇನೂ ಇಲ್ಲ. ಆದರೆ ಸಾಮಾಜಿಕ ಜಾಲತಾಣವೆಂಬ ಅಂಗಡಿಯನ್ನು ಬಿಟ್ಟುಬರುವುದು ಅಷ್ಟು ಸುಲಭವಲ್ಲ. ಅಲ್ಲಿ ನಮ್ಮನ್ನು ಹಿಡಿದಿಟ್ಟಿರುವುದು ಸರಕಲ್ಲ, ನಮ್ಮವರೇ.

ಆರ್ಕುಟ್ ತಾಣವನ್ನು ನಮ್ಮಲ್ಲಿ ಹಲವರು ಮರೆತಿರಲಾರರು. ಗೂಗಲ್ ಸಂಸ್ಥೆ 2004ರ ಜನವರಿಯಲ್ಲಿ ಆರಂಭಿಸಿದ ಈ ತಾಣ ಬ್ರೆಜಿಲ್ ಹಾಗೂ ಭಾರತದಲ್ಲಿ ಬಹು ಜನಪ್ರಿಯವಾಯಿತು. ಮರು ತಿಂಗಳೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫೇಸ್‌ಬುಕ್ ಹುಟ್ಟಿತು. ವರ್ಷಗಳು ಕಳೆದಂತೆ ಗೆಳೆಯರು ಒಬ್ಬೊಬ್ಬರಾಗಿ ಅತ್ತ ಸರಿದರು. ಉಳಿದವರೂ ಅವರನ್ನು ಹಿಂಬಾಲಿಸಿದರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಗೂಗಲ್ 2011ರಲ್ಲಿ ತೆರೆದಿದ್ದ ಗೂಗಲ್ ಪ್ಲಸ್ ತಾಣಕ್ಕೆ ಹಣದ ಕೊರತೆಯಾಗಲಿ, ಜಾಣ್ಮೆಯ ಕೊರತೆಯಾಗಲಿ ಇರಲಿಲ್ಲ. ಆದರೆ ಹೆಸರು ನೋಂದಾಯಿಸಿದವರು ಸುತ್ತ ನೋಡಿದಾಗ ಮಾತನಾಡಲು ಪರಿಚಿತರೇ ವಿರಳವಾಗಿದ್ದರು. 2019ರಲ್ಲಿ ಅದೂ ಮುಚ್ಚಿತು.

ಜನರಿದ್ದಲ್ಲಿಗೇ ಜನ ಬರುತ್ತಾರೆಂಬ ಈ ಗುಟ್ಟನ್ನು ಫೇಸ್‌ಬುಕ್ ಚೆನ್ನಾಗಿ ಅರಿತಿತ್ತು. ಆದ್ದರಿಂದಲೇ ಅದು 2012ರಲ್ಲಿ 100 ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಂ ಅನ್ನೂ, 2014ರಲ್ಲಿ ಸುಮಾರು 1,900 ಕೋಟಿ ಡಾಲರಿಗೆ ವಾಟ್ಸಾಪ್ ಅನ್ನೂ ಕೊಳ್ಳಲು ಮುಂದಾಯಿತು. ಕೊಳ್ಳಲಾಗದುದನ್ನು ಅನುಕರಿಸಿತು. ಭಾರತ ಸರ್ಕಾರ 2020ರ ಜೂನ್ ಅಂತ್ಯದಲ್ಲಿ ಟಿಕ್‌ಟಾಕ್ ನಿಷೇಧಿಸಿದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತು. ಜಾಹೀರಾತೇ ಇಂತಹ ಕಂಪನಿಗಳ ಮುಖ್ಯ ಆದಾಯ. ನಾವು ಹೆಚ್ಚು ಹೊತ್ತು ಅಲ್ಲಿದ್ದಷ್ಟೂ ಅವುಗಳಿಗೆ ಲಾಭ. ಕೊನೆಯೇ ಇಲ್ಲದೆ ಉರುಳುವ ಪುಟ, ಆಗಾಗ ಮಿಡಿಯುವ ಸೂಚನೆ, ಮೆಚ್ಚುಗೆಯ ಲೆಕ್ಕ, ಇವೆಲ್ಲ ಅದಕ್ಕಾಗಿಯೇ.

ಮೊಬೈಲ್ ದೂರವಾಣಿಯ ರೀತಿ ಬೇರೆ. 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸಬಹುದಾಗಿದೆ. ಯಾವ ಕಂಪನಿಯಿಂದ ಕರೆದರೂ ಅತ್ತ ಗೆಳೆಯನ ದೂರವಾಣಿ ಮೊಳಗುತ್ತದೆ. ಜಾಲತಾಣಗಳಲ್ಲಿ ಈ ಅನುಕೂಲವಿಲ್ಲ. ಐರೋಪ್ಯ ಒಕ್ಕೂಟವು ಕಾನೂನಿನ ಮೂಲಕ, ದೊಡ್ಡ ಸಂದೇಶ ಸೇವೆಗಳು ಇತರ ಸೇವೆಗಳಿಗೂ ಬಾಗಿಲು ತೆರೆಯಬೇಕೆಂದು ವಿಧಿಸಿರುವುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ.

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಸಂದೇಶಗಳ ಸುರಿಮಳೆಗೆ ಬೇಸತ್ತು ಮೊಬೈಲ್ ಗುಂಪಿನಿಂದ ಹೊರಬಂದರು. ಅದೇ ವಾರ ಅವರ ಬಾಲ್ಯದ ಗೆಳೆಯರು ತೀರಿಕೊಂಡರು. ಸುದ್ದಿ ಗುಂಪಿನಲ್ಲಿ ಮಾತ್ರ ಹರಿದಾಡಿತು. “ಗುಂಪು ಬಿಟ್ಟೆ ಅಂದುಕೊಂಡಿದ್ದೆ ಫಾದರ್, ಊರನ್ನೇ ಬಿಟ್ಟ ಹಾಗಾಯಿತು” ಎಂದು ಅವರು ನನ್ನಲ್ಲಿ ನೊಂದು ನುಡಿದರು. ಅಂದಿನಿಂದ ನಮ್ಮ ವಾರ್ಡಿನ ಗುರಿಕಾರರು ಸಾವಿನ ಸುದ್ದಿಯನ್ನು ಮನೆಮನೆಗೆ ಕರೆಮಾಡಿ ತಿಳಿಸುತ್ತಾರೆ.

ಪ್ರಿಯ ಓದುಗರೇ, ಈ ತಾಣಗಳನ್ನು ತೊರೆಯಿರೆಂದು ನಾನು ಹೇಳುವುದಿಲ್ಲ. ಗಲ್ಫ್ ನಾಡಿನಲ್ಲಿ ದುಡಿಯುವ ಮಗನ ಮುಖವನ್ನು ತಾಯಿ ದಿನವೂ ಕಾಣುವುದು ಸಣ್ಣ ಸಂಗತಿಯಲ್ಲ. ಆದರೆ ಆರ್ಕುಟ್ ಮುಚ್ಚಿದಂತೆ ಇಂದಿನ ತಾಣವೂ ಒಂದು ದಿನ ಮುಚ್ಚಬಹುದು. ಆಪ್ತರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋಣ. ಬಿಡುವಾದಾಗ ಅವರ ಮನೆಯ ಬಾಗಿಲನ್ನೂ ಒಮ್ಮೆ ತಟ್ಟೋಣ.